ಡಬ್ಬಿಯ ಚೀಸೇ, ಮನೆಯ ಮೊಸರೇ?

ಮಕ್ಕಳು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುವ ಚೀಸ್ ಸ್ಪ್ರೆಡ್ಡಿನ ಕುರಿತು ತಾಯಂದಿರು ನಮ್ಮಲ್ಲಿ ಕೇಳುವ ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಅದನ್ನು ಕೊಡಬಹುದೇ? ಕೊಟ್ಟರೆ ಎಷ್ಟು? ಅದು ಶುದ್ಧ ಸಸ್ಯಾಹಾರವೇ? ಮನೆಯಲ್ಲಿಯೇ ಮಾಡಿದರೆ ದೋಷವಿಲ್ಲವೇ? ಈ ಪ್ರಶ್ನೆಗಳಿಗೆ ಸಮಾಜದಲ್ಲಿ ಎರಡು ಸಿದ್ಧ ಉತ್ತರಗಳು ಪ್ರಚಲಿತವಾಗಿವೆ. ಚೀಸ್ ಪರದೇಶದ ವಸ್ತು, ಹಾಲನ್ನು ಕೆಡಿಸಿ ಮಾಡಿದ್ದು, ಆದುದರಿಂದ ವಿರುದ್ಧಾಹಾರ, ಮುಟ್ಟಲೇಬಾರದು ಎಂಬುದು ಒಂದು. ಹಾಲಿನಿಂದಲೇ ಆದದ್ದು, ಸುಣ್ಣದ ಅಂಶವಿದೆ, ಮೈಗೆ ಬಲ ಬರುತ್ತದೆ, ದಿನವೂ ಕೊಡಿ ಎಂಬುದು ಇನ್ನೊಂದು. ಇವೆರಡೂ ಶಾಸ್ತ್ರಕ್ಕಾಗಲಿ ಅನುಭವಕ್ಕಾಗಲಿ ಪೂರ್ಣವಾಗಿ ಒಪ್ಪುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರಿಗೆ ತಕ್ಕ ಸಾಂಬಾರ ದ್ರವ್ಯಗಳನ್ನು ಕೂಡಿಸಿ ಮನೆಯಲ್ಲಿಯೇ ಮಾಡುವ ಖಾರದ ಲೇಪವು ಡಬ್ಬಿಯ ಚೀಸಿಗಿಂತ ಎಷ್ಟೋ ಮೇಲು. ಆದರೆ ಅದಕ್ಕೂ ಸಂಸ್ಕಾರ, ಕಾಲ, ಪ್ರಮಾಣ ಎಂಬ ಮೂರು ಕಟ್ಟಳೆಗಳಿವೆ. ಮನೆಯಲ್ಲಿ ಮಾಡಿದ್ದೆಂಬ ಒಂದೇ ಕಾರಣಕ್ಕೆ ಯಾವ ಆಹಾರವೂ ಪಥ್ಯವಾಗಿಬಿಡುವುದಿಲ್ಲ.

ಹಾಲು ಒಡೆಸುವುದು ನಮಗೆ ಹೊಸತೇ?

ಹಾಲನ್ನು ಒಡೆಸುವುದು ಹೊರಗಿನವರಿಂದ ಬಂದ ರೂಢಿ ಎಂದು ಅನೇಕರು ನಂಬಿದ್ದಾರೆ. ಈ ನಂಬಿಕೆಗೆ ನಮ್ಮ ನಾಡಿನ ಗ್ರಂಥವೇ ಉತ್ತರ ಹೇಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅಡುಗೆಯ ವಿಷಯವೂ ವಿಸ್ತಾರವಾಗಿ ಬರುತ್ತದೆ. ಕಾಯಿಸಿದ ಹಾಲಿಗೆ ಹುಳಿಯನ್ನು ಸೇರಿಸಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ಉಳಿದ ಗಟ್ಟಿಗೆ ಅಕ್ಕಿಯ ಹಿಟ್ಟನ್ನು ಬೆರೆಸಿ, ತುಪ್ಪದಲ್ಲಿ ಕರಿಯುವ ಭಕ್ಷ್ಯವೊಂದು ಅಲ್ಲಿ ‘ಕ್ಷೀರಪ್ರಕಾರ’ ಎಂಬ ಹೆಸರಿನಿಂದ ವರ್ಣಿತವಾಗಿದೆ.

ವೈದ್ಯಗ್ರಂಥಗಳೂ ಇದನ್ನು ಬಲ್ಲವು. ಚರಕಸಂಹಿತೆಯಲ್ಲಿ ಕಿಲಾಟ, ಕೂರ್ಚಿಕಾ ಎಂಬ ಹೆಸರುಗಳು ಬರುತ್ತವೆ. ಇವು ಒಡೆದ ಹಾಲಿನಿಂದ ಆದ ಗಟ್ಟಿ ಪದಾರ್ಥಗಳು. ಹದಿನಾರನೆಯ ಶತಮಾನದ ಭಾವಪ್ರಕಾಶವು ಮೊಸರಿನಿಂದ ಅಥವಾ ಮಜ್ಜಿಗೆಯಿಂದ ಒಡೆಸಿದ ಹಾಲನ್ನು ಒಳ್ಳೆಯ ಬಟ್ಟೆಯಲ್ಲಿ ಕಟ್ಟಿ ನೀರು ತೆಗೆದರೆ ಉಳಿಯುವುದನ್ನು ‘ತಕ್ರಪಿಂಡ’ವೆಂದು ಕರೆದಿದೆ. ಬಸಿದ ಮೊಸರನ್ನು ಅದೇ ಗ್ರಂಥ ‘ಗಾಲಿತ ದಧಿ’ ಎಂದು ಬೇರೆಯಾಗಿಯೇ ಹೇಳಿ, ಅದು ಸ್ನಿಗ್ಧ, ವಾತಹರ, ಬಲಪುಷ್ಟಿಕರ, ರುಚಿಕರ, ಪಿತ್ತವನ್ನು ಅಷ್ಟಾಗಿ ಕೆರಳಿಸದು, ಆದರೆ ಗುರು ಮತ್ತು ಕಫಕರ ಎಂದು ಗುಣದೋಷಗಳೆರಡನ್ನೂ ಗುರುತಿಸಿದೆ. ಬೆಳಗಾವಿ, ಧಾರವಾಡಗಳ ಕಡೆಯ ತಾಯಂದಿರು ಶ್ರೀಖಂಡಕ್ಕಾಗಿ ಕಟ್ಟುವ ‘ಚಕ್ಕಾ’ ಇದೇ ಗಾಲಿತ ದಧಿ. ಅದಕ್ಕೆ ಸಕ್ಕರೆ, ಏಲಕ್ಕಿ ಸೇರಿದರೆ ಶ್ರೀಖಂಡ. ಉಪ್ಪು, ಮೆಣಸು, ಜೀರಿಗೆ ಸೇರಿದರೆ ನಾವು ಇಲ್ಲಿ ಹೇಳಹೊರಟಿರುವ ಲೇಪ. ಅರಬ್ ದೇಶಗಳಲ್ಲಿ ಇದನ್ನೇ ಉಪ್ಪು ಹಾಕಿ ‘ಲಬ್ನೇ’ ಎಂದು ರೊಟ್ಟಿಯೊಡನೆ ತಿನ್ನುತ್ತಾರೆ.

ಹಾಲಿಗೆ ಹುಳಿ ಸೇರುವುದು ವಿರುದ್ಧವಲ್ಲವೇ ಎಂಬ ಆಕ್ಷೇಪ ನಮ್ಮ ವೈದ್ಯ ಮಿತ್ರರಲ್ಲಿ ಕೆಲವರದ್ದಾಗಿದೆ. ಹಾಲನ್ನು ಕುಡಿಯುವಾಗ ಅದರೊಡನೆ ಹುಳಿ ಹಣ್ಣುಗಳನ್ನು ತಿನ್ನಬಾರದೆಂಬ ನಿಷೇಧ ನಿಜ. ಆ ಎರಡು ದ್ರವ್ಯಗಳು ಹೊಟ್ಟೆಯಲ್ಲಿ ಕೂಡಿ ಕೆಡುವುದನ್ನು ತಪ್ಪಿಸುವುದು ಅದರ ಉದ್ದೇಶ. ಹೊರಗೆ ಪಾತ್ರೆಯಲ್ಲಿಯೇ ಸಂಸ್ಕಾರ ಹೊಂದಿ, ನೀರು ಬೇರೆ ಗಟ್ಟಿ ಬೇರೆಯಾಗಿ, ತನ್ನದೇ ಹೆಸರನ್ನೂ ಗುಣವನ್ನೂ ಪಡೆದ ಪದಾರ್ಥವು ಮತ್ತೊಂದೇ ದ್ರವ್ಯ. ಹುಳಿ ಸೇರಿದ ಮಾತ್ರಕ್ಕೆ ಹಾಲಿನ ಪದಾರ್ಥವೆಲ್ಲ ವಿರುದ್ಧವಾಗುವುದಾದರೆ ಮೊಸರನ್ನೂ ಮಜ್ಜಿಗೆಯನ್ನೂ ತ್ಯಜಿಸಬೇಕಾಗುತ್ತಿತ್ತು. ಶಾಸ್ತ್ರಕಾರರು ಅವುಗಳಿಗೆ ಪ್ರತ್ಯೇಕ ವರ್ಗಗಳನ್ನೇ ಮಾಡಿದರು.

ಹಾಗಾದರೆ ಶಾಸ್ತ್ರದ ನಿಜವಾದ ಎಚ್ಚರಿಕೆ ಯಾವುದು? ಚರಕರು ನಿತ್ಯವೂ ಅಭ್ಯಾಸ ಮಾಡಬಾರದ ಆಹಾರಗಳನ್ನು ಎಣಿಸುವಾಗ ಕಿಲಾಟ, ಕೂರ್ಚಿಕಾ, ಮೊಸರು, ಉದ್ದು ಇವುಗಳನ್ನು ಸೇರಿಸಿದ್ದಾರೆ. ನಿತ್ಯವೂ ಬಳಸಬಹುದಾದವುಗಳಲ್ಲಿ ಹೆಸರು, ಸೈಂಧವ, ನೆಲ್ಲಿ, ತುಪ್ಪ ಮೊದಲಾದವು ಇವೆ. ಮೊಸರನ್ನು ತಿನ್ನುವುದಾದರೆ ರಾತ್ರಿ ತಿನ್ನಬಾರದು, ಬಿಸಿ ಮಾಡಿ ತಿನ್ನಬಾರದು, ತುಪ್ಪ, ಸಕ್ಕರೆ, ಹೆಸರಿನ ತೊವ್ವೆ, ಜೇನು, ನೆಲ್ಲಿ ಇವುಗಳ ಸಹಾಯವಿಲ್ಲದೆ ತಿನ್ನಬಾರದು ಎಂದೂ ಅವರೇ ವಿಧಿಸಿದ್ದಾರೆ. ಈ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ದಾರಿ ತಾನಾಗಿ ಕಾಣುತ್ತದೆ. ನಿತ್ಯಕ್ಕೆ ಸಲ್ಲದ ದ್ರವ್ಯವನ್ನು ನಿತ್ಯಕ್ಕೆ ಸಲ್ಲುವ ದ್ರವ್ಯಗಳ ಕೈಯಲ್ಲಿ ಒಪ್ಪಿಸಬೇಕು. ಮುಂದೆ ಹೇಳುವ ಕ್ರಮ ಈ ತತ್ತ್ವದ ಮೇಲೆಯೇ ನಿಂತಿದೆ.

ಡಬ್ಬಿಯಲ್ಲಿ ಇರುವುದೇನು?

ಅಂಗಡಿಯಲ್ಲಿ ದೊರೆಯುವ ಚೀಸ್ ಸ್ಪ್ರೆಡ್ಡುಗಳು ಹೆಚ್ಚಾಗಿ ಸಂಸ್ಕರಿತ ಚೀಸಿನ ಜಾತಿಗೆ ಸೇರಿದವು. ಸಂಸ್ಕರಿತ ಚೀಸ್ ಹುಟ್ಟಿದ್ದು 1911ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಚೀಸನ್ನು ಕಾಯಿಸಿದರೆ ಎಣ್ಣೆಯಂಶ ಬೇರೆಯಾಗಿ ಒಡೆಯುತ್ತದೆ. ಸೋಡಿಯಂ ಸಿಟ್ರೇಟಿನಂತಹ ಲವಣವನ್ನು ಬೆರೆಸಿದರೆ ಒಡೆಯದೆ ನುಣ್ಣಗೆ ಕರಗುತ್ತದೆ, ಬಹುಕಾಲ ಕೆಡದೆ ಇರುತ್ತದೆ ಎಂದು ಅಲ್ಲಿ ಕಂಡುಕೊಂಡರು. ಇಂದಿನ ಸ್ಪ್ರೆಡ್ಡಿನ ನುಣುಪಿಗೂ ಮೂಲ ಇದೇ. ಡಬ್ಬಿಯ ಹಿಂಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿರುವ ಪಟ್ಟಿಯನ್ನು ಓದುವ ಅಭ್ಯಾಸವನ್ನು ನಮ್ಮ ಭಕ್ತವೃಂದ ಬೆಳೆಸಿಕೊಳ್ಳಬೇಕು. 331 ಎಂದಿದ್ದರೆ ಸೋಡಿಯಂ ಸಿಟ್ರೇಟ್, 339 ಮತ್ತು 452 ಎಂದಿದ್ದರೆ ಫಾಸ್ಫೇಟ್ ಲವಣಗಳು, 200 ಎಂದಿದ್ದರೆ ಸೋರ್ಬಿಕ್ ಆಮ್ಲ, 234 ಎಂದಿದ್ದರೆ ನೈಸಿನ್. ಕೊನೆಯ ಎರಡು ಕೆಡದಂತೆ ಕಾಯುವ ದ್ರವ್ಯಗಳು.

ಇವು ವಿಷವೆಂದು ನಾವು ಹೇಳುವುದಿಲ್ಲ. ಕಾನೂನು ಮಿತಿ ಹಾಕಿ ಅನುಮತಿಸಿದ ದ್ರವ್ಯಗಳಿವು. ಭಯ ಹುಟ್ಟಿಸುವುದು ವೈದ್ಯನ ಧರ್ಮವಲ್ಲ. ನಮ್ಮ ಆಕ್ಷೇಪವಿರುವುದು ಇಂತಹ ಪದಾರ್ಥವು ಮಗುವಿನ ನಿತ್ಯದ ಆಹಾರವಾಗುವುದಕ್ಕೆ. ಅದರಲ್ಲಿಯೂ ಮುಖ್ಯವಾದ ಕಾರಣ ಉಪ್ಪು. ವಯಸ್ಕರು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪನ್ನು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಇನ್ನೂ ಕಡಿಮೆ. ಡಬ್ಬಿಯ ಮೇಲೆ ಉಪ್ಪಿನ ಲೆಕ್ಕವಿರುವುದಿಲ್ಲ, ಸೋಡಿಯಮ್ಮಿನ ಲೆಕ್ಕವಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ದೊರೆಯುತ್ತದೆ. 100 ಗ್ರಾಮಿಗೆ 1000 ಮಿಲಿಗ್ರಾಂ ಸೋಡಿಯಂ ಎಂದು ಬರೆದಿದ್ದರೆ, ಎರಡು ದೊಡ್ಡ ಚಮಚದಷ್ಟು, ಅಂದರೆ 30 ಗ್ರಾಂ ಸ್ಪ್ರೆಡ್ಡಿನಲ್ಲಿ ಮುಕ್ಕಾಲು ಗ್ರಾಂ ಉಪ್ಪು ಹೊಟ್ಟೆಗೆ ಹೋದಂತಾಯಿತು. ಬ್ರೆಡ್ಡಿನ ಉಪ್ಪು, ಸಾರಿನ ಉಪ್ಪು, ಉಪ್ಪಿನಕಾಯಿಯ ಉಪ್ಪು ಇದಕ್ಕೆ ಸೇರುತ್ತವೆ. ರಕ್ತದೊತ್ತಡವಿರುವ ಹಿರಿಯರು ಮೊಮ್ಮಕ್ಕಳ ತಟ್ಟೆಯಿಂದ ಒಂದು ತುಂಡು ತೆಗೆದುಕೊಳ್ಳುವಾಗಲೂ ಈ ಲೆಕ್ಕ ನೆನಪಿರಲಿ. ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಸೇರ್ಪಡೆಯಾದ ಫಾಸ್ಫೇಟುಗಳು ಇನ್ನೂ ಹೆಚ್ಚು ಅಹಿತ. ಅವು ದೇಹದೊಳಗೆ ಬಹುಬೇಗ ಹೀರಲ್ಪಡುತ್ತವೆ, ದುರ್ಬಲವಾದ ಮೂತ್ರಪಿಂಡ ಅವನ್ನು ಹೊರಹಾಕಲಾರದು.

ಸಸ್ಯಾಹಾರಿಗಳ ಸಂದೇಹ

ಚೀಸಿನ ವಿಷಯದಲ್ಲಿ ಶಾಕಾಹಾರ ವ್ರತವುಳ್ಳ ಭಕ್ತರು ತಿಳಿಯಲೇಬೇಕಾದ ಮಾತೊಂದಿದೆ. ಹಾಲನ್ನು ಹುಳಿಯಿಂದ ಒಡೆಸಬಹುದು. ‘ರೆನ್ನೆಟ್’ ಎಂಬ ದ್ರವ್ಯದಿಂದಲೂ ಹೆಪ್ಪುಗಟ್ಟಿಸಬಹುದು. ಐರೋಪ್ಯ ದೇಶಗಳ ಪರಂಪರೆಯಲ್ಲಿ ರೆನ್ನೆಟ್ ದೊರೆಯುತ್ತಿದ್ದುದು ಇನ್ನೂ ತಾಯಿಯ ಹಾಲನ್ನು ಕುಡಿಯುವ ಕರುವನ್ನು ಕೊಂದು, ಅದರ ಜಠರದಿಂದ. ಇಟಲಿಯ ಪ್ರಸಿದ್ಧ ಪಾರ್ಮಿಜಾನೋ ರೆಜ್ಜಾನೋ ಚೀಸನ್ನು ಇಂದಿಗೂ ಕರುವಿನ ರೆನ್ನೆಟ್ಟಿನಿಂದಲೇ ಮಾಡಬೇಕೆಂಬ ನಿಯಮವಿದೆ. ಈಗ ಸೂಕ್ಷ್ಮಜೀವಿಗಳಿಂದ ಪಡೆದ ರೆನ್ನೆಟ್ ವ್ಯಾಪಕವಾಗಿ ಬಳಕೆಗೆ ಬಂದಿದೆ. ಅದರಿಂದ ಮಾಡಿದ ಚೀಸ್ ಸಸ್ಯಾಹಾರಿಗಳಿಗೆ ಸಲ್ಲುತ್ತದೆ.

ಭಾರತದಲ್ಲಿ ಮಾರುವ ಡಬ್ಬಿಯ ಮೇಲೆ ಹಸಿರು ಚೌಕದೊಳಗೆ ಹಸಿರು ಬೊಟ್ಟು ಇದ್ದರೆ ಅದು ಸಸ್ಯಾಹಾರ. ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ನೆಲೆಸಿರುವ ನಮ್ಮವರಿಗೆ ಇಂತಹ ಕಡ್ಡಾಯದ ಚಿಹ್ನೆಯ ಅನುಕೂಲವಿಲ್ಲ. ಅವರು ಮೈಕ್ರೋಬಿಯಲ್ ರೆನ್ನೆಟ್ ಎಂದಾಗಲಿ, ಸಸ್ಯಾಹಾರಿಗಳಿಗೆ ಯೋಗ್ಯವೆಂದಾಗಲಿ ಬರೆದಿರುವುದನ್ನು ನೋಡಿಕೊಳ್ಳಬೇಕು. ಪಿಜ್ಜಾದ ಅಂಗಡಿಯಲ್ಲಿ ಕೇಳಿ ತಿಳಿಯಲು ಸಂಕೋಚಪಡಬಾರದು. ಮನೆಯಲ್ಲಿ ಹೆಪ್ಪು ಹಾಕಿದ ಮೊಸರನ್ನು ಬಸಿದು ಮಾಡುವ ಲೇಪಕ್ಕೆ ಈ ಸಂದೇಹದ ಸೋಂಕೇ ಇಲ್ಲ.

ಮಾಡುವ ಕ್ರಮ

ಒಂದು ಲೀಟರ್ ಆಕಳ ಹಾಲನ್ನು ಕೆನೆ ತೆಗೆಯದೆ ಚೆನ್ನಾಗಿ ಕಾಯಿಸಿ, ಬೆರಳು ತಾಳುವಷ್ಟು ಉಗುರುಬೆಚ್ಚಗಾದಾಗ ಒಂದು ಚಮಚ ಹೆಪ್ಪು ಹಾಕಿರಿ. ಹುಳಿಯೇರದ ಸಿಹಿ ಮೊಸರು ಆದೊಡನೆ, ಬಿಸಿನೀರಿನಲ್ಲಿ ಕುದಿಸಿ ಒಣಗಿಸಿದ ತೆಳುವಾದ ಹತ್ತಿಯ ಬಟ್ಟೆಯಲ್ಲಿ ಅದನ್ನು ಗಂಟುಕಟ್ಟಿ, ಆರರಿಂದ ಎಂಟು ತಾಸು ತೂಗುಹಾಕಿರಿ. ಸೆಕೆಯ ದಿನಗಳಲ್ಲಿ ಹೊರಗೆ ತೂಗುಹಾಕಿದರೆ ಹುಳಿಯೇರುತ್ತದೆ. ಆಗ ಗಂಟನ್ನು ಜರಡಿಯ ಮೇಲಿಟ್ಟು, ಕೆಳಗೊಂದು ಪಾತ್ರೆಯಿಟ್ಟು, ಫ್ರಿಜ್ಜಿನಲ್ಲಿಯೇ ಬಸಿಯಬೇಕು. ಸುಮಾರು 350ರಿಂದ 400 ಗ್ರಾಂ ಗಟ್ಟಿ ಮೊಸರು ದೊರೆಯುತ್ತದೆ.

ಎರಡು ದೊಡ್ಡ ಚಮಚ ಹೆಸರುಬೇಳೆಯನ್ನು ಕಡಿಮೆ ನೀರಿನಲ್ಲಿ ಮೆತ್ತಗೆ ಬೇಯಿಸಿ, ನುಣ್ಣಗೆ ಮಸೆದು, ಪೂರ್ತಿ ಆರಲು ಬಿಡಿ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಕಾಲು ಚಮಚ ಓಂಕಾಳು, ಚಿಟಿಕೆ ಇಂಗು ಸಿಡಿಸಿ, ಅದನ್ನೂ ಆರಿಸಿರಿ. ಮೊಸರಿಗೆ ಬಿಸಿ ತಾಗಬಾರದೆಂಬ ವಿಧಿಯನ್ನು ಇಲ್ಲಿ ಮರೆಯಬಾರದು. ಬಳಿಕ ಗಟ್ಟಿ ಮೊಸರು, ಬೇಳೆ, ಒಗ್ಗರಣೆ ಇವುಗಳನ್ನು ಕೂಡಿಸಿ, ಅರ್ಧ ಚಮಚ ಕರಿಮೆಣಸಿನ ಪುಡಿ, ಒಂದು ಚಮಚ ತುರಿದ ಹಸಿಶುಂಠಿ, ಹೆಚ್ಚಿದ ಕೊತ್ತಂಬರಿ ಸೊಪ್ಪು, ಅರ್ಧ ಚಮಚದಷ್ಟು ಅಂದರೆ ಸುಮಾರು 3 ಗ್ರಾಂ ಉಪ್ಪು ಹಾಕಿ, ಚಮಚದಿಂದ ಚೆನ್ನಾಗಿ ಕಡೆಯಿರಿ. ನೆಲ್ಲಿಕಾಯಿ ದೊರೆಯುವ ದಿನಗಳಲ್ಲಿ ಒಂದನ್ನು ತುರಿದು ಸೇರಿಸಿದರೆ ರುಚಿಯೂ ಗುಣವೂ ಹೆಚ್ಚುತ್ತವೆ. ಉಳಿದ ಕಾಲದಲ್ಲಿ ಒಣ ನೆಲ್ಲಿಯ ಪುಡಿ ಅರ್ಧ ಚಮಚ ಸಾಕು. ಸೈಂಧವವನ್ನು ಈ ಲೇಪಕ್ಕೆ ಬಳಸಬಹುದು, ಆದರೆ ಅದರಲ್ಲಿ ಸೇರಿಸಿದ ಅಯೋಡಿನ್ ಇರುವುದಿಲ್ಲವಾದ್ದರಿಂದ ನಿತ್ಯದ ಅಡುಗೆಯಲ್ಲಿ ಅಯೋಡಿನ್‌ಯುಕ್ತ ಉಪ್ಪನ್ನು ಕೈಬಿಡಬಾರದು.

ಈ ಲೇಪದ 30 ಗ್ರಾಮಿನಲ್ಲಿ ನಾವು ಹಾಕಿದ ಉಪ್ಪು ಕಾಲು ಗ್ರಾಮಿಗಿಂತ ಕಡಿಮೆ. ಹಿಂದೆ ಹೇಳಿದ ಡಬ್ಬಿಯ ಲೆಕ್ಕದೊಡನೆ ಇದನ್ನು ಹೋಲಿಸಿ ನೋಡಿರಿ. ಶುಂಠಿ, ಮೆಣಸು, ಓಂಕಾಳುಗಳು ಅಗ್ನಿಯನ್ನು ದೀಪನಗೊಳಿಸಿ ಮೊಸರಿನ ಗುರುತ್ವವನ್ನೂ ಕಫವನ್ನೂ ತಗ್ಗಿಸುತ್ತವೆ. ಹೆಸರು, ತುಪ್ಪ, ನೆಲ್ಲಿಗಳು ಚರಕರ ವಿಧಿಯನ್ನು ಪಾಲಿಸುತ್ತವೆ.

ಇದನ್ನು ಬ್ರೆಡ್ಡಿಗೇ ಹಚ್ಚಬೇಕೆಂಬ ನಿಯಮವಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿಗೆ ಗಟ್ಟಿ ಮೊಸರು, ಅಗಸಿ ಹಿಂಡಿ, ಶೇಂಗಾ ಹಿಂಡಿಗಳ ಜೊತೆ ಹೊಸತೇನೂ ಅಲ್ಲ. ಬಿಸಿ ಆರಿದ ಮೆತ್ತನೆಯ ರೊಟ್ಟಿ ಅಥವಾ ಚಪಾತಿಯ ಮೇಲೆ ಈ ಲೇಪವನ್ನು ಹಚ್ಚಿ, ಸವತೆಕಾಯಿ, ಗಜ್ಜರಿಯ ತುರಿ ಹರಡಿ ಸುರುಳಿ ಸುತ್ತಿ ಕೊಟ್ಟರೆ ಮಕ್ಕಳು ಅದನ್ನು ಸ್ಯಾಂಡ್‌ವಿಚ್ಚಿನಷ್ಟೇ ಪ್ರೀತಿಯಿಂದ ತಿನ್ನುತ್ತಾರೆ. ಬ್ರೆಡ್ಡೇ ಬೇಕೆಂದರೆ ಬ್ರೆಡ್ಡನ್ನು ಮೊದಲು ಕಾಯಿಸಿ, ಆರಿದ ಮೇಲೆ ಹಚ್ಚಬೇಕು. ಲೇಪ ಹಚ್ಚಿದ ಬಳಿಕ ಹೆಂಚಿನ ಮೇಲೆ ಇಡಬಾರದು.

ಯಾವಾಗ, ಎಷ್ಟು, ಯಾರಿಗೆ?

ಇದು ವ್ಯಂಜನ, ಊಟವಲ್ಲ. ಮಕ್ಕಳಿಗೆ ಒಂದು ದೊಡ್ಡ ಚಮಚ, ದೊಡ್ಡವರಿಗೆ ಎರಡು ಚಮಚ ಸಾಕು. ವಾರಕ್ಕೆ ಎರಡು ಅಥವಾ ಮೂರು ಬಾರಿಗಿಂತ ಹೆಚ್ಚು ಬೇಡ. ಹಗಲಿನಲ್ಲಿ, ಇಲ್ಲವೇ ಶಾಲೆಯಿಂದ ಬಂದ ಮಗುವಿಗೆ ಸೂರ್ಯಾಸ್ತದ ಮೊದಲು ಕೊಡಬೇಕು. ರಾತ್ರಿಯ ಊಟದೊಡನೆ ಸಲ್ಲದು. ಮಳೆಗಾಲ ಮತ್ತು ಚಳಿಗಾಲ ಇದಕ್ಕೆ ತಕ್ಕ ಕಾಲ. ಶರತ್, ವಸಂತ, ಗ್ರೀಷ್ಮ ಋತುಗಳಲ್ಲಿ ಮೊಸರನ್ನು ಚರಕರು ಪ್ರಾಯಶಃ ನಿಂದಿಸಿದ್ದಾರೆ. ಆಗ ವಾರಕ್ಕೊಮ್ಮೆಗೆ ಇಳಿಸಿ, ಹೆಸರುಬೇಳೆಯ ಕೋಸಂಬರಿ, ಕೊತ್ತಂಬರಿಯ ಚಟ್ನಿ, ತಿಳಿಮಜ್ಜಿಗೆಗಳಿಗೆ ಎಡೆಮಾಡಿಕೊಡುವುದು ಲೇಸು.

ನೆಗಡಿ, ಕೆಮ್ಮು, ಉಬ್ಬಸ, ಜ್ವರ, ಚರ್ಮರೋಗ, ಬಾವು, ಅಜೀರ್ಣ ಇರುವಾಗ ಇದು ವರ್ಜ್ಯ. ಒಂದು ವರ್ಷ ತುಂಬದ ಕೂಸುಗಳಿಗೆ ಉಪ್ಪು ಬೆರೆಸಿದ ಯಾವ ಲೇಪವೂ ಬೇಡ. ಮೂತ್ರಪಿಂಡದ ರೋಗಿಗಳು ತಮ್ಮ ವೈದ್ಯರನ್ನು ಕೇಳದೆ ತಿನ್ನಬಾರದು.

ಕೆಡದಂತೆ ಕಾಯುವ ದ್ರವ್ಯಗಳಿಲ್ಲದಿರುವುದು ಮನೆಯ ಲೇಪದ ಗುಣವೂ ಹೌದು, ಮಿತಿಯೂ ಹೌದು. ಒಣಗಿದ ಗಾಜಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿಟ್ಟು ಫ್ರಿಜ್ಜಿನಲ್ಲಿ ಕಾದಿರಿಸಿ, ಮೂರು ದಿನಗಳೊಳಗೆ ಮುಗಿಸಬೇಕು. ಪ್ರತಿ ಬಾರಿಯೂ ಒಣ ಚಮಚವನ್ನೇ ಬಳಸಬೇಕು. ಬೇಳೆ ಬೆರೆತಿರುವುದರಿಂದ ಇದು ಬರಿಯ ಮೊಸರಿಗಿಂತ ಬೇಗ ಕೆಡುತ್ತದೆ. ಆದ್ದರಿಂದ ಬೆಳಿಗ್ಗೆ ಎಂಟು ಗಂಟೆಗೆ ಕಟ್ಟಿ ಮಧ್ಯಾಹ್ನ ಒಂದು ಗಂಟೆಗೆ ತೆರೆಯುವ ಶಾಲೆಯ ಊಟದ ಡಬ್ಬಿಗೆ ಇದನ್ನು ಹಾಕಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ. ಇಲ್ಲಿ ಅನೇಕ ತಾಯಂದಿರಿಗೆ ನಿರಾಶೆಯಾಗಬಹುದು. ಆದರೆ ಬಿಸಿಲಿನ ನಾಡಿನಲ್ಲಿ, ಮುಚ್ಚಿದ ಡಬ್ಬಿಯಲ್ಲಿ ಐದು ತಾಸು ಕುಳಿತ ಹಾಲಿನ ಪದಾರ್ಥವು ಹಿತವನ್ನು ಮಾಡುವುದಕ್ಕಿಂತ ಹೊಟ್ಟೆಯನ್ನು ಕೆಡಿಸುವ ಸಂಭವವೇ ಹೆಚ್ಚು. ಶಾಲೆಗೆ ಚಟ್ನಿಪುಡಿ, ತುಪ್ಪ ಸವರಿದ ಚಪಾತಿ ಹೋಗಲಿ. ಸಂಜೆಯ ತಿಂಡಿಗೆ ಈ ಲೇಪ ಕಾದಿರಲಿ.

ಬಸಿದ ನೀರನ್ನು ಚೆಲ್ಲಬೇಡಿ

ಚೀಸಿನಲ್ಲಿ ಸುಣ್ಣದ ಅಂಶ ಹೇರಳವೆಂಬ ಮಾತು ರೆನ್ನೆಟ್ಟಿನಿಂದ ಮಾಡಿದ ಗಟ್ಟಿ ಚೀಸಿಗೆ ಸಲ್ಲುತ್ತದೆ. ಹುಳಿಯಿಂದ ಹೆಪ್ಪುಗಟ್ಟಿದ ಮೊಸರನ್ನು ಬಸಿದಾಗ ಕ್ಯಾಲ್ಸಿಯಮ್ಮಿನ ಬಹುಭಾಗ ನೀರಿನೊಡನೆ ಹೊರಗೆ ಹೋಗುತ್ತದೆ. ಮನೆಯ ಲೇಪವನ್ನು ಹೊಗಳುವ ಭರದಲ್ಲಿ ಈ ಸತ್ಯವನ್ನು ಮರೆಮಾಚಬಾರದು. ಪರಿಹಾರ ನಮ್ಮ ಕೈಯಲ್ಲಿಯೇ ಇದೆ. ಆ ನೀರನ್ನು ನಮ್ಮ ಶಾಸ್ತ್ರವು ಮಸ್ತು ಎಂದು ಕರೆದು, ಅದು ಲಘು, ಬಾಯಾರಿಕೆ ಹಾಗೂ ದಣಿವನ್ನು ಕಳೆಯುವುದು, ಸ್ರೋತಸ್ಸುಗಳನ್ನು ಶೋಧಿಸುವುದು ಎಂದು ಪ್ರಶಂಸಿಸಿದೆ. ಗಟ್ಟಿಯು ಗುರುವಾದರೆ ಅದರ ನೀರು ಲಘು. ಒಂದೇ ಪಾತ್ರೆಯ ಮೊಸರಿನಿಂದ ಬಲವಂತನಾದ ಮೊಮ್ಮಗನಿಗೂ ಮಂದಾಗ್ನಿಯ ಅಜ್ಜನಿಗೂ ತಕ್ಕ ಆಹಾರ ಹೀಗೆ ಬೇರೆಯಾಗಿ ಬರುತ್ತದೆ. ಆ ನೀರಿಗೆ ಜೀರಿಗೆಯ ಪುಡಿ, ಚಿಟಿಕೆ ಸೈಂಧವ ಹಾಕಿ ಕುಡಿಯಬಹುದು. ಚಪಾತಿಯ ಹಿಟ್ಟನ್ನು ಅದರಲ್ಲಿ ಕಲಸಿದರೆ ಚಪಾತಿ ಮೃದುವಾಗುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇರುವುದರಿಂದ, ರಾಗಿಯ ರೊಟ್ಟಿಯ ಹಿಟ್ಟನ್ನು ಈ ನೀರಿನಿಂದ ಕಲಸಿ, ರೊಟ್ಟಿ ಆರಿದ ಮೇಲೆ ಈ ಲೇಪವನ್ನು ಹಚ್ಚಿದರೆ ಬಸಿಯುವಾಗ ಕಳೆದುಹೋದದ್ದು ತಟ್ಟೆಗೆ ಮರಳಿ ಬಂದಂತಾಗುತ್ತದೆ.

ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಒಮ್ಮೆ ಡಬ್ಬಿಯ ಚೀಸ್ ತಿಂದ ಮಗುವನ್ನು ಗದರಿಸುವ ಅಗತ್ಯವಿಲ್ಲ. ನಿಷೇಧಿಸಿದ್ದಕ್ಕೇ ಮಕ್ಕಳ ಆಸೆ ಹೆಚ್ಚು. ಆದರೆ ನಿತ್ಯದ ರುಚಿಯನ್ನು ರೂಪಿಸುವ ಹೊಣೆ ಮನೆಯದು. ಆರೇಳು ವರ್ಷದ ಮಗುವಿನ ಕೈಗೆ ಗಂಟಿನ ಬಟ್ಟೆಯನ್ನು ಕೊಟ್ಟು, ಮೊಸರಿನ ನೀರು ಹನಿಹನಿಯಾಗಿ ಇಳಿಯುವುದನ್ನು ತೋರಿಸಿ, ಶುಂಠಿ ತುರಿಯುವುದನ್ನೂ ಕಡೆಯುವುದನ್ನೂ ಹೇಳಿಕೊಡಿ. ತಾನೇ ಮಾಡಿದ್ದನ್ನು ಮಗು ಬೇಡವೆನ್ನುವುದು ಅಪರೂಪ. ಈ ತಿಂಗಳು ಒಮ್ಮೆ ಮನೆಯಲ್ಲಿ ಮಾಡಿ ನೋಡಿ, ಮನೆಮಂದಿಯೆಲ್ಲ ಹಂಚಿಕೊಂಡು, ಹಿತವಾಗಿ ಮಿತವಾಗಿ ಸೇವಿಸಿರೆಂದು ಭಕ್ತರೆಲ್ಲರಲ್ಲಿ ನಮ್ಮ ವಿನಂತಿ.